ಬೆಳಿಗ್ಗೆ ಮಾತ್ರ ಕೈಕೊಡುವ ಗ್ರೈಂಡರ್

ಮಂಗಳವಾರ, 14 ಅಕ್ಟೋಬರ್ 2025. ಡೊಂಬಿವಲಿ.

ಇವತ್ತೂ ಅದೇ. ಅಕ್ಕಿ ಹಾಕಿ ಗ್ರೈಂಡರಿನ ಸ್ವಿಚ್ ಒತ್ತಿದೆ, ಬ್ರೇಕರ್ ಟಪ್ಪೆಂದು ಬಿದ್ದು ಇಡೀ ಮನೆಯ ಕರೆಂಟ್ ಹೋಯಿತು. ಬೆಳಿಗ್ಗೆ ನಾನು ಒತ್ತಿದರೆ ಹೀಗೆ. ಸಂಜೆ ಸೊಸೆ ಮಾನಸಿ ಒತ್ತಿದರೆ ಸಲೀಸಾಗಿ ತಿರುಗುತ್ತದೆ. ಹೋಟೆಲಿನಿಂದ ರಿಟೈರಾಗಿ ರುಬ್ಬುವ ಕೆಲಸ ವಹಿಸಿಕೊಂಡಾಗಿನಿಂದ ಇದೇ ಆಟ. ಅವಳಿಗೆ ಪ್ಯಾಕೆಟ್ ಹಿಟ್ಟಿನ ಮೇಲೆ ಆಸೆ. ಮಧ್ಯಾಹ್ನ ನಾನು ನಿದ್ದೆಹೋದೆನೆಂದುಕೊಂಡು ಗ್ರೈಂಡರನ್ನು ಬಾಲ್ಕನಿಗೆ ಒಯ್ದು ಬುಡಮೇಲು ಮಾಡುವುದನ್ನು ಎರಡು ಸಲ ಕಂಡಿದ್ದೇನೆ. ಏನೋ ಸಡಿಲಿಸುತ್ತಾಳೆ ಎಂದು ಮೊನ್ನೆ ಮಗ ರಂಜನ್‌ಗೆ ಹೇಳಿಯೂಬಿಟ್ಟೆ.

ಇವತ್ತು ಬಿಡಲಿಲ್ಲ, ಬೆಳಿಗ್ಗೆಯೇ ಇಲೆಕ್ಟ್ರಿಷಿಯನ್ ಸಾವಂತನನ್ನು ಕರೆಸಿದೆ. ಅವನು ಪಾತ್ರೆ ತೆಗೆದಿಟ್ಟು ಬುಡವನ್ನು ಓರೆ ಮಾಡಿದ. ಮೋಟರಿನ ಒಳಗಿನಿಂದ ನೀರು ಸುರಿಯಿತು.

"ಅಂಕಲ್, ಇಸ್ಕೋ ನಹಲಾಯಾ ಕ್ಯಾ?" ಸ್ನಾನ ಮಾಡಿಸಿದಿರಾ ಅಂತ!

ಮಾಡಿಸಿದ್ದೆ. ವಾಶಿಯ ಹೋಟೆಲಿನಲ್ಲಿ ಅಕ್ಕಿ ಹಾಕುವ ಮೊದಲು ದೊಡ್ಡ ಗ್ರೈಂಡರಿಗೆ ಮೂವತ್ತು ವರ್ಷ ಕೊಡಪಾನಗಟ್ಟಲೆ ನೀರು ಹೊಯ್ದ ಕೈ ಇದು. ಮನೆಯ ಸಣ್ಣದಕ್ಕೂ ಮೇಲಿಂದ ಎರಡು ಚೊಂಬು ಹೊಯ್ಯದಿದ್ದರೆ ಸಮಾಧಾನವಿಲ್ಲ.

ಮಾನಸಿ ಬಾಗಿಲಲ್ಲೇ ನಿಂತಿದ್ದಳು. "ಹೇಳಿದ್ರೆ ನಿಮಗೆ ಬುರಾ ಅನಿಸ್ತದೆ ಅಂತ ಸುಮ್ಮನಿದ್ದೆ ಮಾವ. ದಿನಾ ನಾನೇ ಬಿಸಿಲಲ್ಲಿ ಒಣಗಿಸ್ತಿದ್ದೆ."

ಸಂಜೆ ಅವಳೇ ರುಬ್ಬಿದಳು. ನಾನು ಪಕ್ಕದಲ್ಲಿ ಅಕ್ಕಿ ಪಾತ್ರೆ ಹಿಡಿದು ನಿಂತಿದ್ದೆ.

ಈಗ ಹೊಸ ಅನುಮಾನ. ನಾನು ದೂರಿದ್ದನ್ನು ರಂಜನ್ ಮೊನ್ನೆಯೇ ಅವಳಿಗೆ ಹೇಳಿದ್ದಾನೋ ಏನೋ. ಹೇಳಿದ್ದರೆ, ಎಲ್ಲ ಗೊತ್ತಿದ್ದೂ ನಿನ್ನೆ ಮಧ್ಯಾಹ್ನ ಅವಳು ಅದನ್ನು ಬಿಸಿಲಿಗೆ ಇಟ್ಟಳಲ್ಲ.