ಬನಿಯನ್ ತಿಂದ ಹೊಲ

ಹಿರೇಗುಂಟನೂರು, ೧೨-೯-೧೯೭೮

ಅಕ್ಕಾ,

ನೀನು ಕೊಡಿಸಿದ ಹತ್ತಿ ಬನಿಯನ್ ಎರಡನ್ನೂ ಇಲ್ಲಿ ಇಬ್ಬರು ರೈತರ ಹೊಲದಲ್ಲಿ ಒಂದೊಂದರಂತೆ ಮಣ್ಣು ಪರೀಕ್ಷೆಗೆಂದು ಹೂತಿದ್ದೆ, ಬೈಯಬೇಡ. ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿದ್ದರೆ ಬಟ್ಟೆಯನ್ನು ತಿನ್ನುತ್ತವೆ. ಎರಡು ತಿಂಗಳಾದ ಮೇಲೆ ನಿನ್ನೆ ಅಗೆಸಿದೆ. ಓಬಕ್ಕನ ಹೊಲದಲ್ಲಿ ಗೊಬ್ಬರಕ್ಕೆಂದು ವರ್ಷಾ ವರ್ಷ ಕುರಿಮಂದೆ ನಿಲ್ಲಿಸುತ್ತಾರೆ. ಅಲ್ಲಿ ಕೊರಳ ಹೊಲಿಗೆಯಷ್ಟೇ ಸಿಕ್ಕಿತು. ಬರೀ ಯೂರಿಯಾ ಸುರಿಯುವ ಅಜ್ಜಪ್ಪನ ಹೊಲದ್ದು ಇಡಿಯಾಗಿ ಬಂತು. ಅವನು ಕೊಡವಿ ತೊಟ್ಟುಕೊಂಡೇ ಬಿಟ್ಟ.

"ನೋಡ್ರಪ್ಪ, ನನ್ ಹೊಲ ಮರ್ಯಾದಸ್ತ. ಒಂದ್ ಎಳೆನೂ ಮುಟ್ಟಿಲ್ಲ!"

ಓಬಕ್ಕನ ಮುಖ ಸಣ್ಣಗಾಯಿತು. "ನಮ್ ಹೊಲಕ್ಕೆ ಕಳ್ಳ ಅನ್ನೋ ಹೆಸ್ರು ಬಂತು. ಇನ್ನು ಮಂದೆ ಬ್ಯಾಡ" ಎಂದು ಕುರಿಗಾಹಿ ರಂಗಪ್ಪನನ್ನು ಸಾಗಹಾಕಿದಳು.

ತಿನ್ನುವ ಮಣ್ಣೇ ಬದುಕಿರುವ ಮಣ್ಣು, ಅಜ್ಜಪ್ಪನದು ಸತ್ತಿದೆ ಎಂದು ಗಂಟಲು ಹರಿಯುವಂತೆ ಹೇಳಿದೆ. ಅಜ್ಜಪ್ಪ ಬನಿಯನ್ನಿನ ತುದಿ ಹಿಡಿದು ನೋಡಿಕೊಂಡ.

ಇವತ್ತು ಬೆಳಿಗ್ಗೆ ನೋಡಿದರೆ ರಂಗಪ್ಪನ ಕುರಿಗಳೆಲ್ಲ ಅಜ್ಜಪ್ಪನ ಹೊಲದಲ್ಲಿವೆ. ಬೇಲಿಯ ಮೇಲೆ ಒಣಹಾಕಿದ್ದ ನನ್ನ ಪಂಚೆ, ಅಂಗಿ, ಟವೆಲ್ ಒಂದೂ ಇಲ್ಲ.

"ಸತ್ತಿಲ್ಲ ಕಣ್ರಿ, ಹಸ್ಕಂಡೈತೆ ಅಷ್ಟೆ" ಎಂದ ಅಜ್ಜಪ್ಪ, ಗುದ್ದಲಿ ತೊಳೆಯುತ್ತ.

ಕೆಮ್ಮು ವಾಸಿಯಾಗಿದೆ. ಬೇಗ ಬಟ್ಟೆ ಕಳಿಸು, ನೈಲಾನಿನದೇ ಇರಲಿ.

ನಿನ್ನ ತಮ್ಮ,
ಶೀನ