ಸೊಸೆಯ ಭಾರದ ಕಣ

ಮಾರ್ಚ್ ೪, ಬೆಳಿಗ್ಗೆ

ಇಂದೂ ಸೊಸೆಯಿಂದ ಪಾಠ ಒಪ್ಪಿಸಿಕೊಂಡೆ. ಗುರುವಾರ ಪ್ರಯೋಗಾಲಯದ ಸಭೆ. ಒಪ್ಪಿಗೆ ದೊರೆತರೆ ಅವಳ ಎರಡು ವರ್ಷದ ದುಡಿಮೆ ಪ್ರಕಟಣೆಗೆ ಹೋಗುತ್ತದೆ. ಮೂವತ್ತು ವರ್ಷ ಭೌತಶಾಸ್ತ್ರ ಬೋಧಿಸಿದವಳು ನಾನು, ಅದೂ ಕನ್ನಡದಲ್ಲಿ. ನನಗೆ ಅರ್ಥವಾಗದ್ದು ಸಭೆಗೂ ಅರ್ಥವಾಗದು.

ಚೆನ್ನಾಗಿಯೇ ಹೇಳಿದಳು. ಭಾರದ ಎರಡು ಪರಮಾಣು ಬೀಜಗಳು ಅತಿವೇಗದಲ್ಲಿ ಡಿಕ್ಕಿ ಹೊಡೆಯುತ್ತವೆ. ನಟ್ಟನಡುವೆ ಬಡಿಯದಿದ್ದಾಗ, ಕೂಡಿಕೊಂಡ ಭಾಗಕ್ಕೆ ಬಾದಾಮಿಯ ಆಕಾರ. ಅದು ಸಿಡಿದು ಸಾವಿರಾರು ಕಣಗಳು ಹೊರಬೀಳುತ್ತವೆ — ಚೂಪು ತುದಿಗಳ ಕಡೆಗಿಂತ ಚಪ್ಪಟೆ ಬದಿಗಳ ಕಡೆಗೆ ಹೆಚ್ಚು. ಹಗುರ ಕಣಗಳ ವಿಷಯದಲ್ಲಿ ಈ ಹರಿವು ಹಳೆಯ ಸಂಗತಿ. ಅಪರೂಪದ ಒಂದು ಭಾರದ ಕಣವೂ ಆ ಹರಿವಿಗೆ ಸಿಲುಕುತ್ತದೆಯೇ? ಇದೇ ಅವಳ ಪ್ರಶ್ನೆ. ಉತ್ತರ — ಹೌದು, ಸ್ವಲ್ಪ.

"ಹಾಗಾದರೆ ಎಲ್ಲಾ ಡಿಕ್ಕಿಗಳನ್ನೂ ಕೂಡಿಸಿದರೆ ಒಂದೇ ಕಡೆ ರಾಶಿ ಬೀಳಬೇಕಲ್ಲ?" ಎಂದೆ.

"ಇಲ್ಲ ಅತ್ತೆ. ಒಂದೊಂದು ಸಲ ಬಾದಾಮಿ ಒಂದೊಂದು ಕಡೆ ತಿರುಗಿರುತ್ತೆ. ಕೂಡಿಸಿದ್ರೆ ಸುತ್ತಲೂ ಸಮ. ಸಮ ಇಲ್ಲ ಅಂದ್ರೆ ತಪ್ಪು ಕಣದ್ದಲ್ಲ, ಯಂತ್ರದ್ದು."

"ತೋರಿಸು."

"ಅಮ್ಮ, ಅವಳನ್ನ ಬೆಂಚಿನ ಮೇಲೆ ನಿಲ್ಲಿಸ್ಬೇಡ!" — ಒಳಗಿನಿಂದ ಮಗ.

ನಾಳೆ ತೋರಿಸುತ್ತಾಳಂತೆ.

ಮಾರ್ಚ್ ೫

ಸಮವಿಲ್ಲ.

ಕಣಗಳನ್ನು ಎಣಿಸುವ ಉಂಗುರದ ಒಂದು ಭಾಗ ಪ್ರಯೋಗದ ನಡುವೆಯೇ ಮಂಕಾಗಿದೆ. ಯಂತ್ರದ ಏರುಪೇರು ಸರಿದೂಗಿಸಲು ಅದಕ್ಕೂ ಮೊದಲು ಮಾಡಿದ ತಿದ್ದುಪಡಿಯನ್ನೇ ಕೊನೆಯವರೆಗೂ ಬಳಸಿಬಿಟ್ಟಿದ್ದಾಳೆ. ಅವಳು ಕಂಡ ಹರಿವು ನಿಜವೋ, ಆ ಮಂಕಿನ ನೆರಳೋ... ತಿಳಿಯದು. ಅವಳು ಊಟ ಮುಟ್ಟಲಿಲ್ಲ.

ಸಭೆಯಲ್ಲಿ ಹೇಳಿಬಿಡುತ್ತಾಳಂತೆ. ತಿದ್ದಲು ಹೋಗಿ ತಡವಾದರೆ, ಇದನ್ನೇ ಹುಡುಕುತ್ತಿರುವ ಇನ್ನೊಂದು ತಂಡ ಮೊದಲೇ ಪ್ರಕಟಿಸಬಹುದು. ಅವಳ ಮುಖ ನೋಡಲಾರದೆ ಬಾಯಿಂದ ಬಂದೇಬಿಟ್ಟಿತು — "ಅಷ್ಟು ಸಣ್ಣದು ಯಾರ ಕಣ್ಣಿಗೆ ಬೀಳುತ್ತೆ, ಬಿಡು."

"ಅರ್ಧ ಅಂಕಕ್ಕೆ ಹೆತ್ತ ಮಗನ್ನೇ ಫೇಲ್ ಮಾಡಿದೋರು! ನೀವಾ ಅತ್ತೆ ಈ ಮಾತು ಹೇಳೋದು?"

"ಅವನು ಮಗ. ನೀನು ಸೊಸೆ."

ಇಬ್ಬರಿಗೂ ನಗು ಬಂತು. ಮಗನಿಗೆ ಬರಲಿಲ್ಲ.

ಮಾರ್ಚ್ ೭

ಫಲಿತಾಂಶದ ಬದಲು ತಪ್ಪನ್ನೇ ಸಭೆಯ ಮುಂದಿಟ್ಟಳಂತೆ. ತಂಡದ ಮುಖ್ಯಸ್ಥ — ಮನೆಯಲ್ಲಿ ನಾವಿಟ್ಟ ಹೆಸರು ಗುಮ್ಮ — ಹೇಳಿದರಂತೆ: "ತಿದ್ಕೊಂಡು ಬಾಮ್ಮ. ಮುಗಿಯೋವರೆಗೂ ಉತ್ತರ ಮುಚ್ಚಿಡು. ಉತ್ತರ ನೋಡ್ಕೊಂಡು ಲೆಕ್ಕ ಮಾಡ್ಬಾರ್ದು."

ಗುಮ್ಮನನ್ನು ತಪ್ಪು ತಿಳಿದಿದ್ದೆ. ಮೇಷ್ಟರಾಗಬೇಕಿದ್ದ ಮನುಷ್ಯ.

ಏಪ್ರಿಲ್ ೧೯

ಹೊಸ ತಿದ್ದುಪಡಿ ಮುಗಿಯಿತು. ಸುತ್ತಲೂ ಸಮ! ನಾನು ಕೇಳದೆಯೇ ತಂದು ತೋರಿಸಿದಳು. ಇನ್ನೊಂದು ತಂಡ ಇನ್ನೂ ಬಾಯಿ ಬಿಟ್ಟಿಲ್ಲ. ಊಟದಲ್ಲಿ ಎರಡು ಸಲ ಬಡಿಸಿಕೊಂಡಳು.

ಏಪ್ರಿಲ್ ೨೨, ಸಂಜೆ

ಉತ್ತರ ತೆರೆಯಲು ಗುಮ್ಮನ ಅಪ್ಪಣೆಯಾಗಿದೆ. ಪಕ್ಕದ ಕೋಣೆಯಲ್ಲಿ ಗಂಡಹೆಂಡಿರಿಬ್ಬರೂ ಕಂಪ್ಯೂಟರಿನ ಮುಂದೆ. ಲೆಕ್ಕ ಮುಗಿದಂತೆಲ್ಲ ಪರದೆಯ ನಕ್ಷೆಯಲ್ಲಿ ಒಂದೊಂದು ಚುಕ್ಕಿ. ಎಷ್ಟು ತಪ್ಪಿರಬಹುದೆಂದು ತೋರಿಸಲು ಅದಕ್ಕೊಂದು ಕಡ್ಡಿ, ಮೇಲಕ್ಕೂ ಕೆಳಕ್ಕೂ ಚಾಚಿದ್ದು. ಚುಕ್ಕಿಗಳು ಸೊನ್ನೆಯ ಗೆರೆಗಿಂತ ಮೇಲಿದ್ದರೆ ಭಾರದ ಕಣವೂ ಹರಿದಂತೆ. ನಾನು ಹೋಗಿಲ್ಲ. ಈ ವಯಸ್ಸಿನಲ್ಲಿ ಪರೀಕ್ಷೆ!

"ಅಮ್ಮ, ಮೊದಲನೇದು ಮೇಲಿದೆ!"

ಮಗನ ಅಳತೆಯನ್ನು ನಂಬುವಂತಿಲ್ಲ. "ಎಷ್ಟು ಮೇಲೆ?" ಎಂದು ಕೂಗಿದೆ.

"ಕಡ್ಡಿ ಕೂಡ ಸೊನ್ನೆ ಮುಟ್ತಾ ಇಲ್ಲ ಅತ್ತೇ! ಎರಡನೇದೂ ಅಷ್ಟೇ! ಬನ್ನಿ ಬೇಗ!"

ಇನ್ನು ಕುಳಿತಿರಲಾಗದು. ಮೂರನೆಯದನ್ನಾದರೂ ಕಣ್ಣಾರೆ —