ಅತ್ತೆಗೆ ಕೆರೆ ತೋರಿಸಿದ್ದು

ಕಣ್ವ ಡ್ಯಾಮಿನ ಹಿನ್ನೀರಿನ ದಂಡೆ,
ಚನ್ನಪಟ್ಟಣ ತಾಲ್ಲೂಕು
21-2-2008, ಗುರುವಾರ

ನಮ್ಮ ಯಜಮಾನರಿಗೆ ಸೌಮ್ಯಳ ನಮಸ್ಕಾರ.

ನೀವು ಹೇಗಿದ್ದೀರಿ? ನಾಲ್ಕು ದಿನದಿಂದ ದೂಳು ಕುಡಿದು ಕೆಮ್ಮು ಕೆರಳಿರಬೇಕು. ಮೂಗಿಗೆ ಟವೆಲ್ ಕಟ್ಟಿಕೊಳ್ಳಿ ಎಂದಿದ್ದೆ; ನನ್ನ ಮಾತು ಕೇಳಿದರೆ ನಿಮ್ಮ ಗತ್ತು ಕಡಿಮೆಯಾಗಿಬಿಡುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮಕ್ಕಳು ವಿರೂಪಾಕ್ಷಿಪುರದಲ್ಲಿ ನಮ್ಮಮ್ಮನ ಮನೆಯಲ್ಲಿ ಆರಾಮವಾಗಿದ್ದಾರೆ, ಮೊನ್ನೆ ಎಸ್‌ಟಿಡಿ ಬೂತಿನಿಂದ ಮಾತಾಡಿದೆ. ಅತ್ತೆಯ ಮಂಡಿನೋವು ಹಾಗೇ ಇದೆ. ನಾನು ಇದ್ದೇನೆ, ಅಷ್ಟೆ. ಈ ದಂಡೆಯಲ್ಲಿ ಮೊಬೈಲಿಗೆ ಟವರ್ ಸಿಗುವುದಿಲ್ಲ, ಸಿಕ್ಕರೂ ಅತ್ತೆಯ ಎದುರಿಗೆ ಆಡುವ ಮಾತಲ್ಲ ಇದು. ಅದಕ್ಕೇ ಪೆನ್ನು ಹಿಡಿದೆ. ನಿಮ್ಮ ಗೆಳೆಯ ತೌಹೀದಣ್ಣ ಯಾರದೋ ಬೈಕಿನಲ್ಲಿ ಟೌನಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಈ ಕಾಗದವನ್ನು ನಿಮ್ಮ ಕೈಗೇ ಕೊಟ್ಟು ಬರುತ್ತೇನೆಂದಿದ್ದಾರೆ.

ನೀವು ಹೇಳಿಕೊಟ್ಟದ್ದನ್ನು ನಾನು ಒಂದು ಅಕ್ಷರ ಬಿಡದೆ ಮಾಡಿದ್ದೇನೆ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ರಸ್ತೆ ನಮ್ಮ ನಡುಮನೆಯ ಮೇಲೇ ಹಾಯುತ್ತದೆಂದು ಗೊತ್ತಾದ ಮೇಲೆ ಬೀದಿಯವರೆಲ್ಲ ಸರ್ಕಾರ ಕೊಟ್ಟ ಕಾಲೋನಿಯ ಸೈಟಿಗೆ ಹೋದರು. ಅತ್ತೆ ಒಬ್ಬರೇ ‘ಜೆಸಿಬಿ ಬರ್ಲಿ, ನಾನ್ ಒಳ್ಗೇ ಕುಂತಿರ್ತೀನಿ’ ಎಂದು ಹಟ ಹಿಡಿದರು. ಖಾಲಿ ಮಾಡಲು ಈ ಶುಕ್ರವಾರ ಕೊನೆಯ ದಿನ, ಪೊಲೀಸರು ಅಮ್ಮನ ರಟ್ಟೆ ಹಿಡಿದು ಎಳೆಯುವುದನ್ನು ನೋಡಲಾರೆ ಎಂದು ನೀವು ನನ್ನ ಮುಂದೆ ಅತ್ತಿರಿ. ಐದು ದಿನ ಎಲ್ಲಾದರೂ ಸುತ್ತಾಡಿಸಿಕೊಂಡು ಬಾ, ಅಷ್ಟರಲ್ಲಿ ಮನೆ ಇಳಿಸಿಬಿಡುತ್ತೇನೆ ಎಂದಿರಿ. ನಾನು ಹೂಂ ಎಂದೆ. ನೀವು ಅಳುವುದನ್ನು ನಾನು ಅಲ್ಲಿಯತನಕ ನೋಡಿರಲಿಲ್ಲ.

ನಿಮ್ಮ ಗೆಳೆಯರ ಮನೆವ್ಯಾನಿನ ಸುಖ ಹೇಳುತ್ತೇನೆ ಕೇಳಿ. ಹಳೇ ಮೆಟಡಾರಿನಲ್ಲಿ ಮಂಚ, ಸ್ಟವ್, ಸಿಂಕು ಎಲ್ಲ ಕೂರಿಸಿದ್ದಾರೆ. ಗೊಂಬೆ ಮಾಡುವ ಕೈ ತಾನೆ, ಪ್ರತಿ ಬೀರುವಿಗೂ ಅರಗಿನ ಬಣ್ಣದ ಗುಂಡುಹಿಡಿ, ನೋಡಲು ಚೆಂದ. ಬಾಗಿಲಿನ ಚಿಲಕ ಮಾತ್ರ ಹೊರಗಡೆಗೆ! ತೌಹೀದಣ್ಣ ಮತ್ತು ಅವರ ಹೆಂಡತಿ ತಾಹೇರಾ ಹೊರಗೆ ಟಾರ್ಪಾಲಿನ ಕೆಳಗೆ ಇರುತ್ತಾರೆ; ಗಾಳಿಗೆ ಬಾಗಿಲು ಹಾಕಿಕೊಂಡರೆ ನಾವು ತಗಡಿಗೆ ಬಡಿದು ಅವರನ್ನು ಕೂಗಬೇಕು. ಕಿಟಕಿ ಒಂದು ತಟ್ಟೆಯಗಲ. ಅತ್ತೆಯೂ ನಾನೂ ಮಂಡಿಗೆ ಮಂಡಿ ತಾಗಿಸಿ ಕೂತು, ಅವರು ನನ್ನ ಮುಖ ನೋಡುವುದು, ನಾನು ಸ್ಟವ್ ನೋಡುವುದು. ದಿನಕ್ಕೆ ಹತ್ತು ಸಲ ‘ನಾಳೀಕೆ ಮನೇಗಾ?’ ಎನ್ನುತ್ತಾರೆ. ಮೊದಲ ದಿನ ಟೈರು ಎಂದೆ, ಎರಡನೆಯ ದಿನ ಬ್ಯಾಟರಿ ಎಂದೆ, ಮೂರನೆಯ ದಿನ ಗಾಡಿಯಲ್ಲಿ ಕೆಡಲು ಇನ್ನೇನಿದೆಯೆಂದು ತೌಹೀದಣ್ಣನನ್ನೇ ಕೇಳಬೇಕಾಯಿತು. ನಗಬೇಡಿ. ನನ್ನ ತಟ್ಟೆಯ ಊಟ ಅರ್ಧಕ್ಕರ್ಧ ಹಾಗೇ ಉಳಿಯುತ್ತದೆ. ಅತ್ತೆಯೇ ‘ಒಸಿ ಉಣ್ಣವ್ವ, ಸೊರಗೋಗ್ಬುಟ್ಟೆ’ ಎಂದು ತಮ್ಮ ಮುದ್ದೆ ಮುರಿದು ನನ್ನ ತಟ್ಟೆಗೆ ಹಾಕುತ್ತಾರೆ.

ನೋಡಿದ್ದನ್ನೂ ಬರೆಯಬೇಕಲ್ಲ. ಮಾಗಡಿಯಲ್ಲಿ ಕೋಟೆ ತೋರಿಸಿದೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತು, ‘ಬಿದ್ದೋಗಿರೋ ಗೋಡೆ ನೋಡಾಕೆ ಇಷ್ಟ್ ದೂರ ಬರ್ಬೇಕಿತ್ತಾ?’ ಎಂದರು. ತಾಹೇರಾ ನಕ್ಕಳು, ಅವಳಿಗೇನು ಗೊತ್ತು. ಮಂಚನಬೆಲೆಯಲ್ಲಿ ನೀರಿಗೆ ಕಾಲು ಇಳಿಬಿಟ್ಟು ಅರ್ಧ ಗಂಟೆ ಕೂತರು. ಅಷ್ಟು ಹೊತ್ತಾದರೂ ಸುಖವಾಗಿದ್ದರು ಎಂದುಕೊಂಡಿದ್ದೇನೆ. ಇಲ್ಲಿ ಮೀನು ಹಿಡಿಯುವ ಬೋರಲಿಂಗಯ್ಯ ಎಂಬ ಮುದುಕರು ಹೊಲದ ಬದುವಿನ ಮೇಲಿರುವ ವೀರಗಲ್ಲುಗಳನ್ನು ತೋರಿಸಿದರು. ಒಂದನ್ನು ಯಾರೋ ಬಟ್ಟೆ ಒಗೆಯುವ ಕಲ್ಲು ಮಾಡಿಕೊಂಡಿದ್ದರಂತೆ, ಇವರು ಎತ್ತಿ ನಿಲ್ಲಿಸಿ ಅರಿಶಿನ ಕುಂಕುಮ ಇಟ್ಟಿದ್ದಾರೆ. ‘ಯಾರ್ ಸತ್ರೋ, ಯಾಕ್ ಸತ್ರೋ ಗೊತ್ತಿಲ್ಲ ತಾಯಿ. ಆದ್ರೂ ಕಿತ್ತಾಕಕ್ಕೆ ಮನ್ಸ್ ಬರಾಕಿಲ್ಲ’ ಎಂದರು. ಅತ್ತೆ ಆ ಕಲ್ಲನ್ನು ಸೆರಗಿನಿಂದ ಒರೆಸಿ ಒರೆಸಿ ನೋಡಿದರು.

ಇವತ್ತು ಬೆಳಿಗ್ಗೆ ಎಲ್ಲ ಬಯಲಾಯಿತು. ತಪ್ಪು ನನ್ನದೇ. ಹೊರಡುವ ದಿನ ನಿಮಗೂ ಹೇಳದೆ ದೇವರ ಗೂಡಿನ ಕಳಸದ ಚೆಂಬನ್ನು ಸೀರೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಿದ್ದೆ. ಗೋಡೆ ಬೀಳುವಾಗ ಅದು ಆಳುಗಳ ಕಾಲಿಗೆ ಸಿಕ್ಕಬಾರದು ಎನಿಸಿತು. ನಿಮ್ಮನ್ನು ನಂಬಲಿಲ್ಲವೆಂದಲ್ಲ, ಮನಸ್ಸು ತಡೆಯಲಿಲ್ಲ. ಅತ್ತೆ ಬಾಚಣಿಗೆ ಹುಡುಕುತ್ತಾ ಅದನ್ನು ಹೊರಗೆ ತೆಗೆದರು. ಆ ಚೆಂಬು ಹೊಸ್ತಿಲು ದಾಟುವುದು ಮನೆ ಬಿಟ್ಟು ಮನೆಗೆ ಹೋಗುವಾಗ ಮಾತ್ರ ಎಂದು ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅವರೇ ಹೇಳಿಕೊಟ್ಟಿದ್ದರು. ಮಡಿಲಲ್ಲಿಟ್ಟುಕೊಂಡು, ‘ಮನೆ ಕೆಡವ್ತಾವ್ನಾ ಸ್ವಾಮಿ?’ ಎಂದು ನಿಮ್ಮ ಹೆಸರು ಹಿಡಿದು ಕೇಳಿದರು. ನಾನು ಸ್ಟವ್ ಕಡೆಗೆ ತಿರುಗಿದೆ. ‘ನೀನೂವೆ ಸೇರ್ಕಂಡ್ಯಾ ಸೌಮ್ಯಾ?’ ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಮೇಲೆ ಎದ್ದು ಹೋಗಿ, ‘ಕದ ತಗೀರಿ, ಮನೇಗ್ ಓಯ್ತೀನಿ’ ಎಂದು ತಗಡಿಗೆ ಬಡಿಯತೊಡಗಿದರು. ತಾಹೇರಾ ನೀರಿಗೆ ಹೋಗಿದ್ದಳು, ತೌಹೀದಣ್ಣನೂ ಹತ್ತಿರದಲ್ಲಿರಲಿಲ್ಲ. ಅವಳು ಬರುವವರೆಗೂ ಬಡಿದರು. ಅಂಗೈ ಊದಿಕೊಂಡಿದೆ.

ನಿಮ್ಮ ಮೇಲೆ ನನಗೆ ಕೋಪವಿದೆ, ನನ್ನ ಮೇಲೆ ಅದಕ್ಕಿಂತ ಹೆಚ್ಚಿದೆ. ಪೊಲೀಸರು ಎಳೆಯುವುದನ್ನು ನೋಡಲಾರೆ ಎಂದಿರಿ. ಆ ಕೆಲಸವನ್ನೇ ನನಗೆ ವಹಿಸಿದಿರಿ. ಈಗ ಗಾಡಿ ತಿರುಗಿಸಿದರೆ ಬಿದ್ದ ಮನೆ ತೋರಿಸಬೇಕು, ತಿರುಗಿಸದಿದ್ದರೆ ಈ ಡಬ್ಬಿಯಲ್ಲಿ ಅವರ ಎದುರು ಕೂರಬೇಕು. ಎರಡೂ ನನ್ನ ಕೈಲಾಗದು. ಉಳಿದ ಕೆಲಸ ಯಾರಿಗಾದರೂ ಒಪ್ಪಿಸಿ ನೀವೇ ಇಲ್ಲಿಗೆ ಬನ್ನಿ. ಕಾಲಿಗೆ ಬೀಳುತ್ತೀರೋ, ಬೈಸಿಕೊಳ್ಳುತ್ತೀರೋ ನಿಮಗೆ ಬಿಟ್ಟದ್ದು. ಅತ್ತೆ ನೀರಿಗೆ ಬೆನ್ನು ಹಾಕಿ ಕೂತಿದ್ದಾರೆ, ಮಧ್ಯಾಹ್ನದ ಊಟ ಮುಟ್ಟಿಲ್ಲ. ಬಾಗಿಲನ್ನು ಹಗ್ಗ ಕಟ್ಟಿ ತೆರೆದಿಟ್ಟಿದ್ದೇನೆ.

ಕಾಗದದ ಕೊನೆಗೆ ಅತ್ತೆಯ ಆಶೀರ್ವಾದವನ್ನೂ ಸೇರಿಸುವುದು ವಾಡಿಕೆ. ಈ ಸಲ ಅವರನ್ನು ಕೇಳಲು ಧೈರ್ಯವಾಗಲಿಲ್ಲ.

ನಿಮ್ಮ ದಾರಿ ನೋಡುತ್ತಿರುವ,
ಸೌಮ್ಯ

ತಾ.ಕ.: ಕವರು ಅಂಟಿಸುತ್ತಿದ್ದೆ, ಅತ್ತೆ ಎದ್ದು ಬಂದು ‘ಅವ್ನಿಗಾ ಬರೀತಿರೋದು? ಇದ್ನೂ ಬರಿ, ಬಿರ್ನೆ ಬರಿ’ ಎಂದು ಎದುರಿಗೇ ನಿಂತಿದ್ದಾರೆ. ಕೊಟ್ಟಿಗೆಯಲ್ಲಿ ದನ ನೀರು ಕುಡಿಯುವ ಬಾನಿಯ ಪಕ್ಕ ನೆಲದಡಿಯಲ್ಲಿ ರಾಗಿ ತುಂಬುವ ಹಗೇವು ಇದೆಯಂತೆ, ಎರಡಾಳು ಆಳ. ನೀವು ಅಂಬೆಗಾಲಿಡುತ್ತಿದ್ದಾಗ ಎಲ್ಲಿ ಬೀಳುತ್ತೀರೋ ಎಂದು ಮಾವನವರು ಅದರ ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮುಚ್ಚಿಸಿದರಂತೆ. ಅಂದಿನಿಂದ ತೆಗೆದಿಲ್ಲ. ಜೆಸಿಬಿಯನ್ನು ಆ ಕಡೆ ಬಿಡಬೇಡಿ, ನೆಲ ಕುಸಿಯುತ್ತದೆ. ಚಪ್ಪಡಿ ಸರಿಸಿದರೂ ಒಂದು ದಿನ ಪೂರ್ತಿ ಹಾಗೇ ಬಿಡಬೇಕು. ಒಳಗಿನ ಕೆಟ್ಟ ಗಾಳಿ ಕುಡಿದವರು ಮೇಲೆ ಬರುವುದಿಲ್ಲ. ತೌಹೀದಣ್ಣ ಟವರ್ ಸಿಕ್ಕ ಕಡೆಯಿಂದ ಫೋನೂ ಮಾಡುತ್ತಾರೆ, ಯಾವುದು ಮೊದಲು ಮುಟ್ಟುತ್ತದೋ. ಅತ್ತೆ ಹೇಳಿದ್ದನ್ನು ಹಾಗೇ ಬರೆದಿದ್ದೇನೆ: ‘ಅವ್ನ್ ಮಕ ನಾನ್ ನೋಡಾಕಿಲ್ಲ. ಒಳೀಕೆ ಇಳೀಬ್ಯಾಡ ಅಂತ ಬರಿ.’